ಖಂಡೆ ಪೂಜೆಗೆ ಕೂತ ಪಿಸ್ತೂಲು

ತಾರಿಹಾಳದ ಒಂದು ಲೇತ್ ಕಾರ್ಖಾನೆಯಲ್ಲಿ ದಸರೆಯ ಖಂಡೆ ಪೂಜೆಯ ದಿನ ಕಸಬರಿಗೆಗೂ ಕುಂಕುಮ ಬೀಳುತ್ತದೆ. ಯಾರೋ ದೊಡ್ಡ ಮನಸ್ಸು ಮಾಡಿ ಕೊಟ್ಟದ್ದಲ್ಲ. ಉಣಕಲ್ಲಿನ ಹೊಳೆವ್ವ ಕಸ ಹೊಡೆಯಲು ಸೇರಿದ ವರ್ಷ ಪಾನಾ, ಸುತ್ತಿಗೆ, ಕಾನಸುಗಳೆಲ್ಲ ಹೂವು ಮುಡಿದು ಕೂತಿದ್ದವು; ಅವಳ ಕಸಬರಿಗೆ ಮಾತ್ರ ಪಾಯಖಾನೆಯ ಹಿಂದೆ ಬಿದ್ದಿತ್ತು. ಹೊಳೆವ್ವ ಬಾಗಿಲಿಗೆ ಅಡ್ಡ ಕೂತುಬಿಟ್ಟಳು. ಆರತಿ ತಟ್ಟೆ ಹಿಡಿದಿದ್ದ ಹಳೆಯ ಸಾವ್ಕಾರ ಬೈದ, ನಕ್ಕ, ಕೊನೆಗೆ ಹಸಿವು ತಾಳಲಾರದೆ ಕಸಬರಿಗೆಯನ್ನು ತಾನೇ ತಂದು ಸಾಲಿನಲ್ಲಿಟ್ಟ. ಆಮೇಲೆ ಕೂಲಿಕಾರರ ಎಷ್ಟೋ ಮೆರವಣಿಗೆಗಳಲ್ಲಿ ಅವಳು ಗಂಟಲು ಹರಿದುಕೊಂಡಿದ್ದಾಳೆ, ಲಾಠಿ ತಿಂದಿದ್ದಾಳೆ. ಗೆದ್ದೆ ಎಂದು ಕೈಮಾಡಿ ತೋರಿಸಲು ಉಳಿದದ್ದು ಆ ಸಾಲಿನ ಒಂದು ಮೊಳ ಜಾಗ.

ಈ ವರ್ಷ ಆ ಜಾಗದ ಪಕ್ಕದಲ್ಲಿ ಪಿಸ್ತೂಲೊಂದು ಬಂದು ಕೂತಿತ್ತು.

ಹಳೆಯ ಸಾವ್ಕಾರ ಸತ್ತ ಮೇಲೆ ಕಾರ್ಖಾನೆ ಮಗ ಶಶಿಕಾಂತನದು. ದೇಶಪಾಂಡೆ ನಗರದ ಮನೆಯಲ್ಲಿ ಜಿರಲೆ ಕಂಡರೆ ಹೆಂಡತಿಯನ್ನು ಕೂಗುವ ಗಂಡಸು. ಮೊಬೈಲಿನಲ್ಲಿ ಚಿತ್ರ ನೋಡಿ, ಗಾಂಧಿಯನ್ನು ಕೊಂದ ಪಿಸ್ತೂಲಿನಂಥದೇ ಒಂದನ್ನು ಲೇತಿನ ಶಿದ್ದಪ್ಪನಿಂದ ಮಾಡಿಸಿದ್ದ. ಗುಂಡು ಹಾರದ ಬರೀ ಕಬ್ಬಿಣದ ಗಟ್ಟಿ. ಚೆಂಡುಹೂವಿನ ಎಲ್ಲಕ್ಕಿಂತ ದಪ್ಪ ಮಾಲೆ ಅದಕ್ಕೇ.

“ಇದೇನ್ರೀ ಸಾವ್ಕಾರ್ರ?”

“ಇತಿಹಾಸ, ಹೊಳೆವ್ವಾ,” ಎಂದ ಶಶಿಕಾಂತ. “ಅಮೇರಿಕಾದಾಗ ಅಧ್ಯಕ್ಷನ್ನ ಕೊಂದ ಪಿಸ್ತೂಲನ್ನ ಗಾಜಿನ ಪೆಟಿಗ್ಯಾಗ ಇಟ್ಟಾರ. ಜನಾ ಹೋಗಿ ನೋಡ್ತಾರ.”

“ನೋಡ್ಲಿ ಬಿಡ್ರಿ. ಕಾಲೇಜಿನ್ಯಾಗ ಚೇಳನ್ನೂ ಬಾಟ್ಲ್ಯಾಗ ಇಟ್ಟಿರ್ತಾರ. ಅದಕ್ಕ ಯಾರರ ಆರತಿ ಎತ್ತತಾರೇನು?”

“ಆಯುಧ ಅಂದಮ್ಯಾಲೆ ಪೂಜಿ ಆಗಬೇಕಲಾ.”

“ವರ್ಷಾನಗಟ್ಟಲೆ ದುಡದು ದಣದದ್ದಕ್ಕ ಇವತ್ತ ಪೂಜಿ, ರಜಾ. ಇದೇನ್ ದಣದೈತ್ರೀ? ಪ್ರಾರ್ಥನಾಕ್ಕ ಹೊಂಟಿದ್ದ ಮುದುಕಗ ಮೂರು ಗುಂಡ ಹೊಡಿಯೂದ್ರಾಗ ಬೆವರ ಬಂದಿತ್ತೇನು?”

ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಶಶಿಕಾಂತನ ಕಿವಿ ಕೆಂಪಾಯಿತು.

“ನಿನ್ನ ಕಸಬರಿಗಿಗೆ ಜಾಗಾ ಕೊಟ್ಟದ್ದ ಹೆಚ್ಚಾತು. ಒಪ್ಪಿಗಿ ಇಲ್ಲಂದ್ರ ನಾಳಿಂದ ಬರಬ್ಯಾಡ.”

ಹೊಳೆವ್ವ ಶಿದ್ದಪ್ಪನತ್ತ ತಿರುಗಿದಳು. ಒಂದು ಕಾಲಕ್ಕೆ ಕಾರ್ಖಾನೆ ಗೇಟಿನ ಮುಂದೆ ಅವಳಿಗಿಂತ ಜೋರಾಗಿ ಜಿಂದಾಬಾದ್ ಕೂಗಿದವನು.

“ಹೇಳಿದ್ದ ಮಾಡೂದು ನಮ್ಮ ಕೆಲಸಾ ಯಕ್ಕಾ,” ಎಂದು ಅವನು ಮೊಬೈಲಿನಲ್ಲಿ ಮುಖ ಹುಗಿದ.

“ಛಲೋ ಮಾಡೀದಿ ಬಿಡಪಾ. ನಿನ್ನ ಬೆನ್ನೆಲಬನ್ನೂ ಅದ ಲೇತಿಗೆ ಹಚ್ಚಿ ಸವಿಸೀದಿ, ಏನು?”

ಅವಳು ಸಾಲಿನಿಂದ ಕಸಬರಿಗೆ ಎತ್ತಿ, ಹೂವು ಕೊಡವಿ, ಬಗಲಲ್ಲಿಟ್ಟುಕೊಂಡು ನಡೆದಳು. ಯಾರೂ ತಡೆಯಲಿಲ್ಲ. ಆರತಿ ಆಯಿತು, ಪಿಸ್ತೂಲಿಗೆ ಕಾಯಿ ಒಡೆದರು, ಎಲ್ಲರೂ ಫೇಡೆ ತಿಂದರು.

ಹಬ್ಬ ಕಳೆದು ಲೇತು ತಿರುಗತೊಡಗಿತು. ನೆಲದ ತುಂಬ ಕಬ್ಬಿಣದ ಸುರುಳಿ ಚೂರು. ಅದನ್ನು ಗುಡಿಸಲು ಯಾರ ಸೊಂಟವೂ ಬಗ್ಗಲಿಲ್ಲ. ಬಗ್ಗುವುದೆಲ್ಲ ಸಾವ್ಕಾರನ ಮುಂದೆ ಮಾತ್ರ. ಹೊಳೆವ್ವನಿಗೆ ಬೇರೆಲ್ಲೂ ಕೆಲಸ ಸಿಕ್ಕಿರಲಿಲ್ಲ. ಆಗ ಶಿದ್ದಪ್ಪನ ಫೋನು ಬಂತು.

“ಯಕ್ಕಾ, ಬಾ ಅನ್ನಾಕತ್ತಾರ. ಸಾವ್ಕಾರ್ರ ಬೂಟಿನ್ಯಾಗ ಚೂರು ಹೊಕ್ಕೈತಿ.”

“ಪಿಸ್ತೂಲು ಎಲ್ಲೈತಿ?”

“ಅವರ ಮೇಜಿನ ಮ್ಯಾಲ.”

“ಹೊಡಿಯೂದು ಭಾಳ ಛಲೋ ಬರತೈತೆಲ್ಲಾ ಅದಕ್ಕ. ಕಸಾನೂ ಅದರ ಕೈಲೆ ಹೊಡಸ್ರಿ.”