ತುಕ್ರನ ಬಸ್ಸಿನ ಹಪ್ಪಳದ ಡಬ್ಬ

ಹನ್ನೊಂದು ದಿನದ ಸಂಬಳವನ್ನು ಬಸ್ಸಿನ ಧಣಿ ತುಕ್ರನಿಗೆ ಇನ್ನೂ ಕೊಟ್ಟಿಲ್ಲ. ಕೇಳಿದರೆ, "ನಿನ್ನ ಮೇಲೆ ಗಾಂಜಾ ಕೇಸು ಉಂಟಲ್ಲ ಮಾರಾಯ, ಮೊದಲು ಅದು ಮುಗಿಯಲಿ" ಎನ್ನುತ್ತಾನೆ. ದುಡಿದದ್ದಕ್ಕೂ ಕೇಸಿಗೂ ಎಂತ ಸಂಬಂಧ ಎಂದು ಕೇಳಬಾರದು. ಧಣಿಗಳ ತಲೆ ಓಡುವುದೇ ಹಾಗೆ.

ತುಕ್ರ ಬಂಟ್ವಾಳದಿಂದ ಮಂಗಳೂರಿಗೆ ಓಡುವ ಖಾಸಗಿ ಬಸ್ಸಿನಲ್ಲಿ ಇಪ್ಪತ್ತನಾಲ್ಕು ವರ್ಷ ಕಂಡಕ್ಟರ್. ಈ ದಾರಿಯಲ್ಲಿ ಜನರಷ್ಟೇ ಪೊಟ್ಟಣಗಳೂ ಪ್ರಯಾಣ ಮಾಡುತ್ತವೆ. ಅತ್ತಾವರದ ಆಸ್ಪತ್ರೆಯಲ್ಲಿ ಮಲಗಿದವರಿಗೆ ಗಂಜಿ, ಮದುಮಗಳ ರವಿಕೆ, ಯಾರದ್ದೋ ಮಾವನ ಹಲ್ಲಿನ ಸೆಟ್ಟು. ಮೇಲೆ ಒಂದು ಹೆಸರು, ಒಂದು ಫೋನ್ ನಂಬರು ಬರೆದು ಕಿಟಕಿಯಿಂದ ತೂರಿಸಿದರೆ ಆಯಿತು. ತುಕ್ರ ಯಾವತ್ತೂ ಬಿಚ್ಚಿ ನೋಡಿದವನಲ್ಲ. "ಒಳಗೆ ಎಂತ ಉಂಟು?" ಎಂದು ಕೇಳಿದ್ದರೆ, ಇದೇ ಮರ್ಯಾದಸ್ಥರು ಅವನ ಜಾತಕ ಜಾಲಾಡುತ್ತಿದ್ದರು.

ತಪಾಸಣೆಯವರು ಬಸ್ಸು ನಿಲ್ಲಿಸಿ ಕೇಳಿದರೆ ಹೇಳಬೇಕಾದ ಮಾತನ್ನು ಧಣಿಯೇ ಕಲಿಸಿದ್ದ: "ನಮ್ಮ ಮನೆಯದ್ದು ಸಾರ್." ಬೇರೆಯವರ ಸಾಮಾನು ಎಂದರೆ ದಂಡ, ಆ ದಂಡ ತುಕ್ರನ ಸಂಬಳದಲ್ಲಿ ಕಡಿತ. ಹಾಗಾಗಿ ಇಪ್ಪತ್ತನಾಲ್ಕು ವರ್ಷ ಊರಿನ ಸಾಮಾನೆಲ್ಲ ತುಕ್ರನ ಮನೆಯದ್ದಾಯಿತು.

ಕಳೆದ ಫೆಬ್ರವರಿಯ ಒಂದು ಮಧ್ಯಾಹ್ನ, 'ದೀಪೇಶ್, ಬಲ್ಮಠ' ಎಂದು ಬರೆದ ತಗಡಿನ ಡಬ್ಬ ಹತ್ತಿತು. ಕೊಟ್ಟವನು ಹಲಸಿನ ಹಪ್ಪಳ ಎಂದಿದ್ದ. ಬಲ್ಮಠದಲ್ಲಿ ಪೊಲೀಸರು ಹತ್ತಿ ನೇರವಾಗಿ ಡಬ್ಬಕ್ಕೇ ಕೈ ಹಾಕಿದರು.

"ಯಾರದ್ದು ಇದು?"

"ನಮ್ಮ ಮನೆಯದ್ದು ಸಾರ್. ಹಪ್ಪಳ."

ಮುಚ್ಚಳ ತೆಗೆದರೆ ಗಾಂಜಾ.

ಫುಟ್‌ಪಾತಿನಲ್ಲಿ ಕಾಯುತ್ತಿದ್ದ ದೀಪೇಶನನ್ನೂ ಹಿಡಿದರು. ಆದರೆ ಡಬ್ಬ ಅವನ ಕೈಗೆ ಮುಟ್ಟಿರಲಿಲ್ಲವಲ್ಲ! ಮೂತ್ರ ಪರೀಕ್ಷೆ ಮಾಡಿಸಿ, ಬರೀ ಸೇದಿದ ಕೇಸು ಎಂದು ಬರೆದರು. ಅದಕ್ಕೆ ಹೆಚ್ಚೆಂದರೆ ಆರು ತಿಂಗಳು. ಚಿಕಿತ್ಸೆಗೆ ತಯಾರಿದ್ದೇನೆಂದು ವಕೀಲರಿಂದ ಬರೆಸಿ, ಅಪ್ಪನ ಕಾರಿನಲ್ಲಿ ವ್ಯಸನಮುಕ್ತಿ ಕೇಂದ್ರಕ್ಕೆ ಹೋಗಿ ಮಲಗಿದ. ಡಬ್ಬ ಕೊಟ್ಟವನು ಸಿಗಲೇ ಇಲ್ಲ, ಸಾಗಾಟದ ಕೇಸು ತುಕ್ರನ ತಲೆಗೆ ಬಿತ್ತು. ಧಣಿ ಮರುದಿನವೇ ಬಸ್ಸಿನಲ್ಲಿ 'ಪಾರ್ಸೆಲ್ ನಿಷೇಧ' ಎಂಬ ಚೀಟಿ ಅಂಟಿಸಿ ಕೈ ತೊಳೆದುಕೊಂಡ.

ಎಪ್ಪತ್ತು ದಿನ ಜೈಲಿನಲ್ಲಿದ್ದು ಜಾಮೀನಿನ ಮೇಲೆ ಹೊರಬಂದ ತುಕ್ರನನ್ನು, ಉಚಿತ ಕಾನೂನು ನೆರವಿನ ವಕೀಲೆ ಸುಮಯ್ಯಾ ಎದುರಿಗೆ ಕೂರಿಸಿಕೊಂಡಳು.

"ಕೇಳಿ ತುಕ್ರಣ್ಣ. ಗಾಂಜಾ ಒಂದು ಕಿಲೋ ತನಕ ಆದರೆ ಹೆಚ್ಚೆಂದರೆ ಒಂದು ವರ್ಷ. ಅದರಿಂದ ಮೇಲೆ ಹೋದರೆ ಹತ್ತು ವರ್ಷದ ತನಕ ಹಾಕಬಹುದು, ಲಕ್ಷದವರೆಗೆ ದಂಡವೂ ಉಂಟು. ನಿಮ್ಮದು ಒಂದು ಕಿಲೋ ಅರವತ್ತು ಗ್ರಾಂ. ಪ್ಲಾಸ್ಟಿಕ್ಕು, ಟೇಪು ಎಲ್ಲ ಸೇರಿಸಿ ತೂಗಿದ್ದಾರೆ. ಅದನ್ನು ನಾನು ಕೋರ್ಟಿನಲ್ಲಿ ಎತ್ತುತ್ತೇನೆ. ಆದರೆ ನಿಮ್ಮ ಬಾಯಿಗೆ ಎಂತ ಮಾಡುದು?"

"ನನಗೆ ಗೊತ್ತೇ ಇರಲಿಲ್ಲ ಮೇಡಂ."

"ಗೊತ್ತಿತ್ತು ಅಂತಲೇ ಕೋರ್ಟು ಹಿಡಿದುಕೊಳ್ಳುದು. ಗೊತ್ತಿರಲಿಲ್ಲ ಅಂತ ನೀವೇ ತೋರಿಸಿಕೊಡಬೇಕು. ಈ ಕಾನೂನೇ ಹಾಗೆ. ನೀವು ಯಾರ ಸಾಮಾನಿಗೂ 'ನಮ್ಮ ಮನೆಯದ್ದು' ಅಂತಲೇ ಹೇಳುದು ಅಂತ, ಬಸ್ಸಿನಲ್ಲಿ ಸಾಮಾನು ಕಳಿಸಿದವರು ಬಂದು ಹೇಳಲಿ."

ಅಂಥವರ ಪೈಕಿ ಒಬ್ಬರು ಆಗಲೇ ಪೊಲೀಸರಿಗೆ ಹೇಳಿಕೆ ಕೊಟ್ಟಿದ್ದರು. ಆ ದಿನ ಮುಂದಿನ ಸೀಟಿನಲ್ಲಿದ್ದ, ಪಡೀಲಿನ ನಿವೃತ್ತ ಶಿಕ್ಷಕಿ ಆಗ್ನೆಸ್. 'ಕಂಡಕ್ಟರ್ ತನ್ನ ಮನೆಯದ್ದು ಎಂದ.' ಅಷ್ಟೇ. ತುಕ್ರ ಅವರ ಮನೆಗೆ ಹೋದ.

"ಟೀಚರೇ, ಕ್ರಿಸ್ಮಸ್ಸಿಗೆ ತಂಗಿಯ ಮನೆಗೆ ತಿಂಡಿ ಕಳಿಸುದು ಯಾರ ಕೈಯಲ್ಲಿ?"

"ನಿನ್ನ ಕೈಯಲ್ಲೇ."

"ಆ ತಿಂಡಿ ಯಾರದ್ದು ಅಂತ ತಪಾಸಣೆಯವರು ಕೇಳಿದಾಗ ನಾನು ಎಂತ ಹೇಳಿದೆ?"

"ನಮ್ಮ ಮನೆಯದ್ದು ಸಾರ್ ಅಂತ." ಟೀಚರ್ ನಕ್ಕರು. "ನೀನು ಯಾವಾಗ ಕ್ರಿಶ್ಚಿಯನ್ ಆದದ್ದು ಮಾರಾಯ ಅಂತ ತಮಾಷೆ ಮಾಡಿದ್ದೆನಲ್ಲ!"

"ಅದನ್ನೇ ಕೋರ್ಟಿನಲ್ಲಿ ಹೇಳಿ."

ನಗು ಅಲ್ಲಿಗೇ ನಿಂತಿತು. "ಅಯ್ಯೋ ದೇವಾ, ಬೇಡಪ್ಪ. ಗಾಂಜಾ ಕೇಸಿನಲ್ಲಿ ಜಾಸ್ತಿ ಮಾತಾಡಿದರೆ ಇಗರ್ಜಿಯಲ್ಲಿ ಜನ ಎಂತ ಹೇಳಿಯಾರು? ಮಗಳು ಆಂಡ್ರಿಯಾಳಿಗೆ ಬೇರೆ ಸಂಬಂಧ ನೋಡ್ತಾ ಇದ್ದೇವೆ. ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡ್ತೇನೆ."

ಮೂವತ್ತು ವರ್ಷ, ಪೂರ್ಣ ವಾಕ್ಯದಲ್ಲಿ ಉತ್ತರಿಸಿ ಎಂದು ಮಕ್ಕಳ ಮೇಲೆ ಬೆತ್ತ ಬೀಸಿದ ಹೆಂಗಸು!

ತುಕ್ರ ಇನ್ನೂ ಒಂಬತ್ತು ಮನೆಗಳ ಬಾಗಿಲು ತಟ್ಟಿದ. ರವಿಕೆಯವರಿಗೆ ನೆನಪಿಲ್ಲ. ಹಲ್ಲಿನ ಸೆಟ್ಟಿನ ಮಾವ ಅದೇ ಹಲ್ಲು ಕಿರಿದು, "ಯಾವ ಬಸ್ಸು?" ಎಂದು ಕೇಳಿದ. ಗಂಜಿ ಉಂಡು ಬದುಕಿದವನು ಗೇಟೇ ತೆಗೆಯಲಿಲ್ಲ.

ಮುಂದಿನ ತಿಂಗಳು ಹದಿನೇಳಕ್ಕೆ ವಿಚಾರಣೆ. ತುಕ್ರನಿಗೆ ಈಗ ಐವತ್ತೆರಡು. ಹತ್ತು ವರ್ಷ ಬಿದ್ದರೆ ಹೊರಬರುವಾಗ ಅರವತ್ತೆರಡು. ಓದುತ್ತಾ ಕೂತವರೇ, ಆ ಕಿಟಕಿಯಿಂದ ಪೊಟ್ಟಣ ತೂರಿಸಿದ ಕೈಗಳಲ್ಲಿ ನಿಮ್ಮದೂ ಒಂದು. ಅಯ್ಯೋ ಪಾಪ ಎನ್ನಬೇಡಿ, ಅದರಿಂದ ಅವನಿಗೆ ಒಂದು ದಿನವೂ ಕಡಿಮೆಯಾಗುವುದಿಲ್ಲ. ಹದಿನೇಳಕ್ಕೆ ಕೋರ್ಟಿಗೆ ಬನ್ನಿ. ಕಟಕಟೆ ಹತ್ತಿ, "ನನ್ನ ಸಾಮಾನನ್ನೂ ಅವನು ತನ್ನ ಮನೆಯದ್ದೆಂದೇ ಹೇಳಿದ್ದ" ಎಂದು ಹೇಳಿ ಇಳಿಯಿರಿ.