ಅಲಾಬಿಯ ಸೊಂಟನೋವು

ಮೊರೆನಿಕೆಯ ಕಷಾಯ ಕುಡಿಯದೆ ಸ್ಟೇರಿಂಗ್ ಹಿಡಿಯುವವನು ಡ್ರೈವರೇ ಅಲ್ಲ ಎಂಬ ಮಾತು ಇಬಾದಾನ್ ಪಟ್ಟಣದ ಓಜೂ ಬಸ್ ಅಡ್ಡೆಯಲ್ಲಿತ್ತು. ಬೆಳಕು ಹರಿಯುವ ಹೊತ್ತಿಗೆ ತಲೆಯ ಮೇಲೆ ಬೋಗುಣಿ, ಬೋಗುಣಿಯ ತುಂಬ ಬಾಟಲಿ, ಬಾಟಲಿಯ ತುಂಬ ಸಾರಾಯಿಯಲ್ಲಿ ನೆನೆದ ಬೇರು ತೊಗಟೆ ಹೊತ್ತು ಅವಳು ಬರುತ್ತಿದ್ದಳು. ಜ್ವರಕ್ಕೊಂದು, ಹೊಟ್ಟೆಗೊಂದು. ಹೆಚ್ಚು ಖರ್ಚಾಗುತ್ತಿದ್ದುದು ಮಾತ್ರ ಜೆಡಿಯದು. ಸಕ್ಕರೆ ಅತಿಯಾಗಿ ತಿಂದವನ ಕುಂಡೆಯಲ್ಲಿ ಮನೆ ಮಾಡುವ ಕಾಯಿಲೆ ಜೆಡಿ. ಸೊಂಟ ಹಿಡಿದರೆ ಜೆಡಿ, ಉಚ್ಚೆ ಕಟ್ಟಿದರೆ ಜೆಡಿ, ಹಾಸಿಗೆಯಲ್ಲಿ ಹೆಂಡತಿ ಮುಖ ತಿರುಗಿಸಿದರೂ ಜೆಡಿ.

“ಡೊಲಾಪೊ ಅವ್ವ, ನಿನ್ ಕಷಾಯದ ಮಹಿಮೆ, ನನ್ನ ಹೆಂಡ್ತಿ ಮತ್ತೆ ಬಸುರಿ!”

“ಕುಡ್ದಿದ್ದು ನೀನೋ, ಪಕ್ಕದ ಮನೆಯೋನೋ? ಮೊದ್ಲು ಅದು ವಿಚಾರ್ಸು,” ಎನ್ನುತ್ತಿದ್ದಳು ಮೊರೆನಿಕೆ.

ಇಡೀ ಅಡ್ಡೆ ಹೊಟ್ಟೆ ಹಿಡಿದುಕೊಂಡು ನಗುತ್ತಿತ್ತು.

ಅವ್ವನಿಂದ ಕಲಿತ ಕಸುಬು ಅದು. ಕಾಡಿಗೆ ಹೋಗಿ ಬೇರು ಅಗೆದಿದ್ದಾಳೆ, ಅದನ್ನೇ ಮಾರಿ ಡೊಲಾಪೊ ಮೊದಲಾಗಿ ಮೂರು ಮಕ್ಕಳನ್ನು ಸಾಕಿದ್ದಾಳೆ. ಗಂಡ ಅಲಾಬಿ ಅದೇ ಅಡ್ಡೆಯ ಡ್ರೈವರ್, ಡ್ರೈವರುಗಳ ಮುಂದಾಳು. ರಸ್ತೆಗೆ ಅಡ್ಡ ನಿಂತು ಲಂಚಕ್ಕೆ ಕೈಚಾಚುವ ಪೊಲೀಸರ ವಿರುದ್ಧ ಬಸ್ಸುಗಳನ್ನೆಲ್ಲ ನಿಲ್ಲಿಸಿದವನು. ಠಾಣೆಯಲ್ಲಿ ಅಂಗಾಲಿಗೆ ಹೊಡೆದರೂ ಒಬ್ಬನ ಹೆಸರನ್ನೂ ಬಿಟ್ಟುಕೊಡಲಿಲ್ಲ. ಹೊರಗೆ ಬಂದ ದಿನ ಅವನನ್ನು ಹೆಗಲ ಮೇಲೆ ಹೊತ್ತು ಕುಣಿದಿದ್ದರು.

ಅಂಥವನು ಈಗೀಗ ಉಚ್ಚೆಗೆಂದು ಗೋಡೆಯ ಮುಂದೆ ನಿಂತರೆ ನಿಂತೇ ಇರುತ್ತಿದ್ದ. ತೊಟ್ಟು ತೊಟ್ಟಾಗಿ ಬರುವುದು, ನಿಲ್ಲುವುದು, ಮತ್ತೆ ತೊಟ್ಟಿಕ್ಕುವುದು.

“ಅಣ್ಣಾ, ಗೋಡೆಗೇನು ಭಾಷಣ ಮಾಡ್ತಿದ್ದೀಯಾ?” ಎಂದು ಹುಡುಗರು ಕಿಚಾಯಿಸುತ್ತಿದ್ದರು.

“ನಿಮ್ಮಪ್ಪಂಗೆ ಮಾಡ್ತಾ ಇವ್ನಿ, ಮುಚ್ಕೊಂಡ್ ನಿಂತ್ಕೊಳ್ರೋ!”

ಮೊರೆನಿಕೆ ದಿನಾ ಬೆಳಿಗ್ಗೆ ಮೊದಲ ಲೋಟ ಅವನಿಗೇ ಬಗ್ಗಿಸುತ್ತಿದ್ದಳು. ಕುಡಿದ ಸ್ವಲ್ಪ ಹೊತ್ತಿಗೆ ಒಂದಿಷ್ಟು ಸಲೀಸಾದಂತೆ ಅನಿಸುತ್ತಿತ್ತು, ಅಷ್ಟಕ್ಕೇ ಇಬ್ಬರಿಗೂ ಸಮಾಧಾನ. ಸೊಂಟ ನೋಯತೊಡಗಿದಾಗ ಲೋಟ ಎರಡಾಯಿತು. ಚಹಾಕ್ಕೆ ಸಕ್ಕರೆ ಹಾಕುವುದನ್ನು ನಿಲ್ಲಿಸಿದಳು.

ಒಂದು ಸೋಮವಾರ ಪ್ರಯಾಣಿಕರನ್ನು ಇಳಿಸಿ ತಾನೂ ಕೆಳಗೆ ಕಾಲಿಟ್ಟವನು ಮೂಟೆಯ ಹಾಗೆ ಕುಸಿದ. ಹಾಸ್ಯ ಮಾಡುತ್ತಿದ್ದಾನೆಂದು ಹುಡುಗರು ಚಪ್ಪಾಳೆ ತಟ್ಟಿದರು. ಮೊರೆನಿಕೆ ಬೋಗುಣಿ ಇಳಿಸಿ ಓಡಿ ಬಂದಳು. ಅವನು ತನ್ನ ತೊಡೆಗಳನ್ನು ತಾನೇ ಗುದ್ದಿಕೊಳ್ಳುತ್ತಿದ್ದ.

“ಡೊಲಾಪೊ ಅವ್ವ, ಇವು ನನ್ನವಲ್ಲ ಕಣೇ. ಯಾರದೋ ಕಾಲು ತಂದು ಅಂಟ್ಸವ್ರೆ.”

ಅವನ ಬಸ್ಸಿನಲ್ಲೇ ಅವನನ್ನು ಮಲಗಿಸಿ ದೊಡ್ಡಾಸ್ಪತ್ರೆಗೆ ಒಯ್ದರು. ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು, ಎಬುನ್ ಎಂದು ಹೆಸರು. ರಬ್ಬರಿನ ಕೈಗವಸು ತೊಟ್ಟು, “ಅಪ್ಪಾ, ಪಕ್ಕಕ್ಕೆ ತಿರುಗಿಸ್ತೀವಿ. ಹಿಂದುಗಡೆಯಿಂದ ಬೆರಳು ಹಾಕಿ ನೋಡ್ಬೇಕು,” ಎಂದಳು.

“ಮಗಳ ವಯಸ್ಸಿನೋಳು ನನ್ ತಿಕಕ್ಕೆ ಬೆರಳು ಹಾಕ್ತೀಯಾ? ಪೊಲೀಸ್ನೋರೇ ವಾಸಿ, ಅಂಗಾಲಿಗೆ ಹೊಡೆದು ಬಿಟ್ರು!”

“ಅವರು ಕಾಲಿಗೆ ಹೊಡೆದ್ರು. ನಾನು ಕಾಲು ಉಳಿಸೋಕೆ ನೋಡ್ತಿದ್ದೀನಿ. ತಿರುಗಿ.”

ಕಾಲು ಎಂದ ಮೇಲೆ ಅಲಾಬಿ ಮಂಚದ ಅಂಚು ಹಿಡಿದು ತಿರುಗಿದ. ಬೆರಳು ತೆಗೆದ ಡಾಕ್ಟರು ಕೈಗವಸು ಕಳಚುತ್ತಾ ಮೊರೆನಿಕೆಯ ಕಡೆ ತಿರುಗಿದಳು.

“ಮನೇಲಿ ಇನ್ಯಾರಿಗಾದ್ರೂ ಹಿಂಗೆ ಆಗಿತ್ತೇನಮ್ಮಾ?”

“ಅಯ್ಯೋ, ಜೆಡಿ ಇವ್ರ ವಂಶದಲ್ಲೇ ಐತೆ,” ಎಂದಳು ಮೊರೆನಿಕೆ, ತನಗೆ ತಿಳಿದ ವಿಷಯ ಬಂತಲ್ಲ ಎಂಬ ಹುರುಪಿನಲ್ಲಿ. “ಮಾವ ಸೊಂಟ ಬಿದ್ದೇ ಸತ್ತಿದ್ದು. ಭಾವನೂ ಅಷ್ಟೇ, ಉಚ್ಚೆ ಕಟ್ಕೊಂಡು ಹಾಸಿಗೆ ಹಿಡ್ದ. ಅವರಿಗೂ ನಾನೇ ಕಷಾಯ ಕೊಟ್ಟಿದ್ದು.”

ಡಾಕ್ಟರು ಅವಳನ್ನೇ ನೋಡಿದಳು. ಆ ನೋಟದಲ್ಲಿ ಬೈಗುಳ ಇರಲಿಲ್ಲ. ಅದಕ್ಕೇ ಮೊರೆನಿಕೆಗೆ ಹೆದರಿಕೆ ಹತ್ತಿತು.

“ಅದು ಜೆಡಿ ಅಲ್ಲಮ್ಮಾ. ಗಂಡಸರಿಗೆ ಮೂತ್ರಚೀಲದ ಕೆಳಗೆ, ನೀವು ಅಗಿಯೋ ಕೋಲಾ ಬೀಜದಷ್ಟು ದೊಡ್ಡ ಗ್ರಂಥಿ ಇರತ್ತೆ, ಪ್ರಾಸ್ಟೇಟ್ ಅಂತ. ಮೂತ್ರ ಅದರ ನಡುವಿನಿಂದಾನೇ ಬರಬೇಕು. ವಯಸ್ಸಾದಾಗ ಬಹಳ ಜನಕ್ಕೆ ಅದು ಸುಮ್ಮನೆ ಊದ್ಕೊಂಡು ದಾರಿ ಒತ್ತತ್ತೆ, ಅದಕ್ಕೆ ಮಾತ್ರೆ ಇದೆ, ಆಪರೇಷನ್ ಇದೆ. ಕೆಲವರಿಗೆ ಅಲ್ಲಿ ಕೀವು, ನಂಜು ಆಗತ್ತೆ, ಅದೂ ವಾಸಿಯಾಗತ್ತೆ. ಇವರದು ಕಲ್ಲಾಗಿದೆ. ಕ್ಯಾನ್ಸರ್ ಇದ್ದ ಹಾಗಿದೆ. ರಕ್ತಪರೀಕ್ಷೆ, ಸ್ಕ್ಯಾನು ಮಾಡ್ಸಿ ಖಚಿತ ಮಾಡ್ಕೋತೀವಿ.”

ಸಂಜೆಯ ಹೊತ್ತಿಗೆ ಖಚಿತವಾಯಿತು. ಕ್ಯಾನ್ಸರ್ ಬೆನ್ನುಮೂಳೆಗೂ ಹಬ್ಬಿ ಕಾಲಿನ ನರವನ್ನು ಹಿಸುಕಿತ್ತು.

“ನನ್ ಕಷಾಯದಿಂದ ಬಂತಾ?” ಎಂದಳು ಮೊರೆನಿಕೆ.

“ಅದ್ರಿಂದ ಬಂದಿದ್ದಲ್ಲ. ಆದ್ರೆ ಅದನ್ನ ನಂಬಿ ಕಾದ್ರಲ್ಲ, ಅಷ್ಟರಲ್ಲಿ ಬೆಳೀತು. ಶುರುವಲ್ಲಿ ಇದು ನೋವೇ ಕೊಡಲ್ಲಮ್ಮಾ. ಅಪ್ಪಂಗೆ, ಅಣ್ಣಂಗೆ ಇದ್ರೆ ನಲವತ್ತು ದಾಟ್ತಿದ್ದ ಹಾಗೇ ಬಂದು ತೋರಿಸ್ಕೋಬೇಕು.”

ಮಾವನ ಬಾಯಿಗೆ ತಾನು ಹಿಡಿದ ಲೋಟ, ಭಾವನ ಬಾಯಿಗೆ ಹಿಡಿದ ಲೋಟ ಮೊರೆನಿಕೆಯ ಕಣ್ಣ ಮುಂದೆ ಬಂದವು. ಗೋಡೆಗೆ ಒರಗಿ ನೆಲಕ್ಕೆ ಕುಳಿತುಬಿಟ್ಟಳು.

ಡಾಕ್ಟರಿಗೆ ಇನ್ನೊಂದು ಮಾತು ಹೇಳುವುದಿತ್ತು. ಈ ರೋಗಕ್ಕೆ ಮೇವು ಹಾಕುವುದು ಗಂಡಸಿನ ಬೀಜವೇ. ಅದನ್ನು ತೆಗೆದರೆ ರೋಗ ಉಪವಾಸ ಬೀಳುತ್ತದೆ, ನರದ ಮೇಲಿನ ಒತ್ತಡ ಇಳಿಯಬಹುದು. ಬೆನ್ನಿಗೆ ರೋಗ ಸುಡುವ ಕಿರಣವನ್ನೂ ಕೊಡಬೇಕು. ತಡವಾದಷ್ಟೂ ಕಾಲಿನ ಆಸೆ ಕಡಿಮೆ.

“ಎರಡೂನಾ?” ಎಂದ ಅಲಾಬಿ.

“ಎರಡೂ.”

“ಹೋರಿಗೆ ಬೀಜ ಒಡ್ದಂಗೆ.”

“ಹೂಂ.”

ಅವನು ಗೋಡೆಯ ಕಡೆ ಮುಖ ಮಾಡಿದ. “ಬೇಡ. ಇದ್ದಂಗೇ ಸಾಯ್ತೀನಿ.”

ಮೊರೆನಿಕೆ ಎದ್ದು ಬಂದು ಅವನ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿದಳು. “ಯಾರಿಗಿಟ್ಕೊಂಡಿದ್ದೀಯ ಅವನ್ನ? ಇನ್ನೊಂದ್ ಮದ್ವೆಗಾ? ಮೂರು ಮಕ್ಕಳನ್ನ ಹೆತ್ತೋಳು ನಾನು, ಇನ್ನು ಅವು ಬೇಡ ಅಂತ ನಾನು ಹೇಳ್ತಾ ಇವ್ನಿ. ನಿಮ್ಮಪ್ಪನ ಹೆಣ ತೊಳ್ದೆ, ನಿಮ್ಮಣ್ಣನ ಹೆಣ ತೊಳ್ದೆ. ನಿಂದು ತೊಳ್ಯಾಕಿಲ್ಲ. ಕೇಳಿಸ್ತಾ?”

ಅವನು ಒಪ್ಪಿಗೆಯ ಕಾಗದಕ್ಕೆ ಹೆಬ್ಬೆಟ್ಟು ಮುಂದೆ ಮಾಡಿದ.

ಆಪರೇಷನ್ ಆಗಿ ವಾರದ ಮೇಲೆ ಅಡ್ಡೆಯಿಂದ ಡ್ರೈವರುಗಳು ಕಿತ್ತಳೆ ಹಿಡಿದು ನೋಡಲು ಬಂದರು. ಯಾರಿಗೂ ಹೇಳಬೇಡವೆಂದು ಮೊರೆನಿಕೆಗೆ ಆಣೆ ಹಾಕಿಸಿದ್ದವನು ಅವರ ಮುಂದೆ ತಾನೇ ಹೊದಿಕೆ ಸರಿಸಿಬಿಟ್ಟ.

“ನೋಡ್ರೋ. ಖಾಲಿ ಚೀಲ.”

ಒಬ್ಬ ಗೋಡೆಯ ಕಡೆ ತಿರುಗಿಕೊಂಡ. ಇನ್ನೊಬ್ಬನ ಕೈಯಿಂದ ಕಿತ್ತಳೆ ಉರುಳಿತು.

“ಜೆಡಿ ಅಲ್ಲ ಕಣ್ರೋ ಇದು. ಉಚ್ಚೆ ಕಟ್ಟಿದ್ರೆ ಗೋಡೆ ಮುಂದೆ ನಿಂತು ಸಾಯ್ಬೇಡಿ. ಕೆಳಗ್ ಹೋಗಿ ಪರೀಕ್ಷೆಗೆ ರಕ್ತ ಕೊಟ್ಟು ಬನ್ನಿ. ಬೆರಳು ಹಾಕ್ತಾರೆ, ಹಾಕಿಸ್ಕೊಳ್ಳಿ, ಅದ್ರಿಂದ ಯಾವೋನೂ ಹೆಂಗಸಾಗಲ್ಲ...”

ಬಸ್ಸುಗಳನ್ನೆಲ್ಲ ನಿಲ್ಲಿಸಿದ ದಿನದಂತೆಯೇ ಅವನ ದನಿ ವಾರ್ಡಿನ ತುಂಬ ಮೊಳಗುತ್ತಿತ್ತು. ಮೊರೆನಿಕೆ ಕಾಲ ಬಳಿ ಕುಳಿತು, ನೋವು ತಿಳಿಯುತ್ತದೆಯೇ ಎಂದು ಅವನ ಅಂಗಾಲಿಗೆ ಉಗುರು ನಾಟಿಸಿ, ಇದ್ದ ಶಕ್ತಿಯನ್ನೆಲ್ಲ ಹಾಕಿ ಒತ್ತಿದಳು. ಇನ್ನಷ್ಟು ಒತ್ತಿದಳು. ಅವನು ಡ್ರೈವರುಗಳನ್ನು ಬೈಯುತ್ತಲೇ ಇದ್ದ. ಅವಳ ಕಡೆ ತಿರುಗಲೇ ಇಲ್ಲ.