ದಿಂಬಿನ ತಟ್ಟೆ

ಆ ಬಸ್ ಡಿಪೋದಲ್ಲಿ ಪೀಪಿ ಅಕ್ಕ ಅಂದರೆ ಗೊತ್ತಿಲ್ಲದವರಿರಲಿಲ್ಲ. ಕಂಡಕ್ಟರ್ ಕೆಲಸಕ್ಕೆ ಸೇರಿದ ಹೊಸತರಲ್ಲಿ ಬಾಯಿ ಬಿಟ್ಟು ಕೂಗಲು ನಾಚಿಕೆಪಟ್ಟು ಎಲ್ಲದಕ್ಕೂ ಪೀಪಿ ಊದುತ್ತಿದ್ದಳಂತೆ. ನಾಚಿಕೆ ಹೋಗಿ ಎಷ್ಟೋ ಕಾಲವಾದರೂ ಹೆಸರು ಮಾತ್ರ ಅಂಟಿಕೊಂಡೇ ಉಳಿಯಿತು. ಬಸ್ಸಿನಲ್ಲಿ ಅವಳ ಮಾತಿಗೆ ಎದುರಿಲ್ಲ. ಬಾಗಿಲಲ್ಲಿ ನೇತಾಡುವ ಗಟ್ಟಿ ಆಳುಗಳೂ ಅವಳು ಒಮ್ಮೆ ಕಣ್ಣು ಬಿಟ್ಟರೆ ಬಾಯಿ ಮುಚ್ಚಿಕೊಂಡು ಒಳಗೆ ಸರಿಯುತ್ತಿದ್ದರು.

ಮನೆಯಲ್ಲಿ ಮಾತ್ರ ಬೇರೆಯೇ ಕಥೆ. ಮದುವೆಯಾಗದೆ ಅಣ್ಣನ ಮನೆಯ ಮಹಡಿ ಕೋಣೆಯಲ್ಲಿದ್ದ ಅವಳು ಐವತ್ತು ದಾಟಿದ ಮೇಲೂ ‘ನಮ್ಮ ಹುಡುಗಿ’. ಹುಡುಗಿಯರಿಗೆ ಬೇಕು, ಬೇಡ ಎರಡೂ ಇರಬಾರದೆಂಬುದು ಆ ಮನೆಯ ಕಟ್ಟಳೆ. ಹಿಂದೊಮ್ಮೆ ಅದೇ ಡಿಪೋದ ಡ್ರೈವರ್ ಒಬ್ಬ ಅವಳನ್ನು ಕೇಳಿಕೊಂಡು ಬಂದಿದ್ದ. ಅಪ್ಪ ತೀರಿದ ಮೇಲೆ ಮನೆಯ ಹಿರಿಯನಾಗಿ ನಿಂತಿದ್ದ ಸೋದರಮಾವ ಬೇಡ ಅಂದ. ಅವಳು ತಲೆ ತಗ್ಗಿಸಿದಳು. ಅಲ್ಲಿಗೆ ಮುಗಿಯಿತು.

ಬೆಕ್ಕು ಸಿಕ್ಕಿದ್ದು ಬಸ್ಸಿನಲ್ಲೇ. ಕೊನೆಯ ಸೀಟಿನ ಕೆಳಗೆ ಮುಚ್ಚಳ ಬಿಗಿದ ಬುಟ್ಟಿ. ತೆಗೆದರೆ ಒಳಗೊಂದು ಬೂದು ಬಣ್ಣದ ಪರ್ಷಿಯನ್ ಬೆಕ್ಕು. ಮುಖವನ್ನು ಯಾರೋ ಅಂಗೈಯಿಂದ ಒತ್ತಿದಂತೆ ಚಪ್ಪಟೆ, ಮೈಯೆಲ್ಲ ಹತ್ತಿ ತುರುಕಿದಂತೆ ದುಂಡಗೆ, ಹೊಟ್ಟೆಯಡಿಯ ಕೂದಲು ಗಂಟು ಗಂಟು. ಡಿಪೋದಲ್ಲಿ ಕಳೆದುಹೋದ ಸಾಮಾನು ನೋಡಿಕೊಳ್ಳುವ ಗುಮಾಸ್ತ ಕೈಯಾಡಿಸಿಬಿಟ್ಟ: “ಕೊಡೆ, ಚೀಲ ಆದ್ರೆ ಇಟ್ಕೋತೀನಿ. ಉಸಿರಾಡೋ ಸಾಮಾನಿಗೆ ನನ್ನ ಹತ್ರ ಜಾಗ ಇಲ್ಲ.” ಬೋರ್ಡಿಗೆ ಚೀಟಿ ಅಂಟಿಸಿದರೂ ಕೇಳಿಕೊಂಡು ಯಾರೂ ಬರಲಿಲ್ಲ. ಬೇಕೆಂದೇ ಬಿಟ್ಟುಹೋದವರು ಯಾಕೆ ಬಂದಾರು? ಪೀಪಿ ಅಕ್ಕ ಅದನ್ನು ಮನೆಗೆ ತಂದಳು. ಅಣ್ಣ ಅದಕ್ಕೆ ದಿಂಬು ಎಂದು ಹೆಸರಿಟ್ಟ.

ದಿಂಬು ನಾಲ್ಕು ಮೆಟ್ಟಿಲು ಹತ್ತಿದರೆ ಐದನೆಯದರಲ್ಲಿ ಏದುಸಿರು ಬಿಡುತ್ತಾ ಕೂತುಬಿಡುತ್ತಿತ್ತು. ಪೀಪಿ ಅಕ್ಕ ಅದನ್ನು ಎತ್ತಿಕೊಂಡು ಪಶುವೈದ್ಯೆಯ ಬಳಿಗೆ ಹೋದಳು. ವೈದ್ಯೆ ಅದರ ಪಕ್ಕೆಗೆ ಬೆರಳೊತ್ತಿ, “ಎಲುಬೇ ಕೈಗೆ ಸಿಗ್ತಿಲ್ಲ,” ಅಂದಳು. “ಜಾತಿ ಬೆಕ್ಕು ಅಂತ ಮುದ್ದು ಮಾಡಿ, ಹಾಲು, ಬ್ರೆಡ್ಡು, ಕೇಕು ತಿನ್ನಿಸಿದಾರೆ. ಬೆಕ್ಕಿಗೆ ಬೇಕಾಗಿರೋದು ಮಾಂಸ. ಬೆಕ್ಕಿನ ಆಹಾರ ಅಳತೆ ಮಾಡಿ ಹಾಕಿ, ಜೊತೆಗೆ ಸ್ವಲ್ಪ ಬೇಯಿಸಿದ ಕೋಳಿ. ಉಪ್ಪು, ಈರುಳ್ಳಿ ಸೋಕಿಸಬೇಡಿ. ಹಾಲು ಬೇಡ, ನೀರು ಸಾಕು. ನಿಧಾನ, ನಿಧಾನವಾಗಿ ಇಳೀಬೇಕು.”

ನಿಧಾನ ಎಂಬ ಮಾತೊಂದು ಪೀಪಿ ಅಕ್ಕನ ಕಿವಿಗೆ ಬೀಳಲಿಲ್ಲ. ಉತ್ಸಾಹಕ್ಕೆ ಬಿದ್ದು ಒಂದೇ ಏಟಿಗೆ ತಟ್ಟೆಯನ್ನು ಅರ್ಧಕ್ಕಿಳಿಸಿದಳು, ರುಚಿಯನ್ನೂ ಬದಲಿಸಿದಳು. ದಿಂಬು ತಟ್ಟೆ ಮೂಸಿ, ಗೋಡೆ ಕಡೆ ಮುಖ ಮಾಡಿ ಮಲಗಿತು. ಹಸಿದರೆ ತಾನೇ ತಿನ್ನುತ್ತದೆಂದು ಅವಳೂ ಬಿಗಿಯಾಗಿ ಕೂತಳು. ಮಾರನೆಯ ದಿನವೂ ಅದು ತಲೆಯೆತ್ತದಿದ್ದಾಗ ಮತ್ತೆ ವೈದ್ಯೆಯ ಬಳಿ ಓಡಿದಳು. “ಉಪವಾಸ ಕೆಡವಿದ್ರೆ ಬೆಕ್ಕಿನ ಲಿವರ್ರೇ ಕೆಟ್ಟುಹೋಗುತ್ತೆ, ಗೊತ್ತಾ?” ಎಂದು ವೈದ್ಯೆ ಚೆನ್ನಾಗಿ ಬೈದಳು. ಬೈಸಿಕೊಂಡು ಬಂದವಳು ರಜೆ ಹಾಕಿ, ಕೋಳಿ ಬೇಯಿಸಿದ ನೀರನ್ನು ಬೆರಳಿಗೆ ಹಚ್ಚಿ ನೆಕ್ಕಿಸಿ, ಬೆಕ್ಕನ್ನು ಮತ್ತೆ ದಾರಿಗೆ ತಂದಳು. ಆಮೇಲೆ ಅವಳು ಅಳತೆ ತಪ್ಪಲಿಲ್ಲ.

ಮನೆಯವರು ಸುಮ್ಮನಿರುತ್ತಾರೆಯೇ? “ನಾನು ಅನ್ನ ಮಾಡೋ ಪಾತ್ರೆಯಲ್ಲಿ ಬೆಕ್ಕಿಗೆ ಅಡುಗೆನಾ?” ಎಂದಳು ಅತ್ತಿಗೆ. ಪೀಪಿ ಅಕ್ಕ ಬೇರೆ ಪಾತ್ರೆ ತಂದಳು. “ನನ್ನ ಒಲೆ?” ಅಂದಾಗ ಬೇರೆ ಒಲೆಯೂ ಮಹಡಿಗೆ ಬಂತು. ಅಣ್ಣನದು ಇನ್ನೊಂದು ಪೀಡೆ. ಯಾರಿಗೂ ಕಾಣದಂತೆ ಬೆಕ್ಕಿಗೆ ಕ್ರೀಮ್ ಬಿಸ್ಕತ್ತು ಹಾಕುತ್ತಿದ್ದ. ಒಂದು ದಿನ ದಿಂಬಿನ ಮೀಸೆಗೆ ಪುಡಿ ಅಂಟಿರುವುದನ್ನು ಕಂಡು ಅವಳು ಅಂದಳು: “ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯೋದು ಕೇಳಿದ್ದೆ. ಕಣ್ಣು ಮುಚ್ಚಿ ಬಿಸ್ಕತ್ತು ತಿನ್ನಿಸೋರನ್ನ ಈಗಲೇ ನೋಡಿದ್ದು.” ಅಣ್ಣ ಪೆಚ್ಚಾಗಿ ನಕ್ಕ.

ಒಂದು ಭಾನುವಾರ ಸೋದರಮಾವ ಊಟಕ್ಕೆ ಬಂದ. ಊಟವಾದ ಮೇಲೆ ಕುರ್ಚಿಯಲ್ಲಿ ಒರಗಿ, ದಿಂಬನ್ನು ತೊಡೆಯ ಮೇಲೆ ಎಳೆದುಕೊಂಡು, ತನ್ನ ತಟ್ಟೆಯ ಕೇಕನ್ನು ಬೆರಳಲ್ಲಿ ತೆಗೆದು ಅದರ ಬಾಯಿಗಿಟ್ಟ.

“ಮಾವ, ಬೇಡ. ಅದಕ್ಕಾಗಲ್ಲ,” ಅಂದಳು ಪೀಪಿ ಅಕ್ಕ.

“ಒಂದು ತುತ್ತಿಗೆ ಏನಾಗುತ್ತೆ? ಪಾಪ, ಆಸೆ ಪಡ್ತಿದೆ,” ಎಂದು ಮಾವ ಇನ್ನೊಂದು ತುಂಡು ಮುರಿದ. “ಗಂಡ ಮಕ್ಕಳಿಲ್ಲದೋರಿಗೆ ಪಥ್ಯ ಮಾಡಿಸೋಕೆ ಬೆಕ್ಕಾದ್ರೂ ಬೇಕಲ್ಲ!”

ಎಲ್ಲರೂ ನಕ್ಕರು. ಪೀಪಿ ಅಕ್ಕ ಎದ್ದು ಬಂದು ಮಾವನ ಕೈಯಿಂದ ತಟ್ಟೆಯನ್ನು ಕಿತ್ತುಕೊಂಡಳು. ನಗು ಅರ್ಧಕ್ಕೆ ನಿಂತಿತು.

“ತಟ್ಟೆ ಕೊಡು,” ಅಂದ ಮಾವ.

“ಕೊಡಲ್ಲ.”

“ಹಿರಿಯರ ಕೈಯಿಂದ ಕಿತ್ಕೊಳ್ಳೋದಾ? ಮಾವನ ಹತ್ರ ತಪ್ಪಾಯ್ತು ಅನ್ನು!” ಎಂದು ಅಣ್ಣ ಗದರಿದ.

ಅವಳ ದನಿ ತುಂಬಿದ ಬಸ್ಸಿನಲ್ಲಿ ಹಿಂದಿನ ಸೀಟಿಗೂ ಕೇಳಿಸುವಂಥದ್ದು. “ಅನ್ನಲ್ಲ. ಮಾವ, ಅವತ್ತು ನೀವು ಬೇಡ ಅಂದ್ರಿ, ನಾನು ಒಪ್ಕೊಂಡೆ. ಯಾಕೆ ಅಂತಲೂ ಕೇಳಲಿಲ್ಲ. ಇವತ್ತು ನಾನು ಬೇಡ ಅಂದಿದೀನಿ. ನೀವು ಒಪ್ಕೊಳ್ಳಿ.”

ಮಾವ ಕೆಂಡವಾಗಿ ಎದ್ದು ಹೋದ. ಅವನನ್ನು ಬೀದಿಯ ತಿರುವಿನವರೆಗೆ ಸಮಾಧಾನಿಸುತ್ತಾ ಹೋದ ಅಣ್ಣ, ತಿರುಗಿ ಬಂದವನೇ ಮಹಡಿ ಹತ್ತಿದ. “ಬೆಕ್ಕೋ ಮನೆಯೋ, ಒಂದು ಹೇಳು,” ಅಂದ. ತಂಗಿ ಹೆದರಿ ಅಳುತ್ತಾಳೆಂದುಕೊಂಡಿದ್ದ.

“ಇದು ಬೆಕ್ಕಿನ ಜಗಳ ಅಂದ್ಕೊಂಡ್ಯಾ?” ಅಂದಳು ಅವಳು. ಆ ವಾರದಲ್ಲೇ ಡಿಪೋದ ಹಿಂದಿನ ಬೀದಿಯಲ್ಲಿ ಒಂದು ಕೋಣೆ ಹಿಡಿದಳು. ಹೋಗುವಾಗ ಒಲೆ, ಪಾತ್ರೆ, ಬೆಕ್ಕಿನ ಬಾಚಣಿಗೆ ಎಲ್ಲವನ್ನೂ ತಾನೇ ಹೊತ್ತಳು. “ಹೆಣ್ಣೊಬ್ಬಳೇ ಹೇಗಿರ್ತಾಳೆ, ತಿಂಗಳೊಳಗೆ ವಾಪಸ್ ಬರ್ತಾಳೆ ನೋಡಿ,” ಎಂದ ನೆಂಟರಿಗೆ ಕಾದದ್ದೇ ಬಂತು.

ದಿಂಬು ಹೆಸರಿಗೆ ಮಾತ್ರ ದಿಂಬಾಗಿ ಉಳಿಯಿತು. ಅದರ ನಡು ಕಂಡಿತು, ಕೂದಲು ರೇಷ್ಮೆಯಾಯಿತು. ಒಂದು ಮಧ್ಯಾಹ್ನ ಅದು ಒಂದೇ ನೆಗೆತಕ್ಕೆ ಕಿಟಕಿ ಕಟ್ಟೆ ಏರಿತು. ಏರಿದ ಮೇಲೆ ತನಗೇ ಅಚ್ಚರಿಯಾದಂತೆ ಕೆಳಗೆ ನೋಡಿತು. ಪೀಪಿ ಅಕ್ಕ ಒಬ್ಬಳೇ ಚಪ್ಪಾಳೆ ತಟ್ಟಿದಳು.

ಮಳೆಗಾಲ ಮುಗಿಯುವ ಹೊತ್ತಿಗೆ ಅತ್ತಿಗೆ ಹುಡುಕಿಕೊಂಡು ಬಂದಳು. ಕೋಣೆಯ ಮೂಲೆ ಮೂಲೆ ನೋಡಿದಳು. ಚಹಾ ಕೈಗೆ ಬಂದ ಮೇಲೆ ಮೆಲ್ಲಗೆ ಮಾತು ತೆಗೆದಳು. “ಮಾವನಿಗೆ ಒಂದು ಮಾತು ಹೇಳಿಬಿಡು. ಎಲ್ಲ ಸರಿಹೋಗುತ್ತೆ.”

“ಏನಂತ ಹೇಳ್ಲಿ?”

“ತಪ್ಪಾಯ್ತು ಅಂತ.”

“ಆಗಿಲ್ಲವಲ್ಲ, ಅತ್ತಿಗೆ.”

ಅತ್ತಿಗೆ ಏನೋ ಹೇಳಲು ಬಾಯಿ ತೆರೆದಳು. ಮಾತಿನ ಬದಲು ನಗು ಬಂತು. ಚಹಾ ಸೆರಗಿನ ಮೇಲೆ ಚೆಲ್ಲುವಷ್ಟು. “ಅವತ್ತು ಮಾವನ ಮುಖ ನೋಡಬೇಕಿತ್ತು ಕಣೆ! ಇಷ್ಟು ವರ್ಷ ಬಡಿಸಿ ಬಡಿಸಿ ನನ್ನ ಕೈ ಸವೆದಿತ್ತು. ಒಬ್ಬರಾದ್ರೂ ಕಿತ್ಕೊಂಡ್ರಲ್ಲ ಅನ್ನಿಸ್ತು.”

ಇಬ್ಬರೂ ಸಂಜೆಯವರೆಗೆ ಕೂತರು. ಬೀಳ್ಕೊಡಲು ಬಂದವಳಿಗೆ ಬಸ್ ನಿಲ್ದಾಣದಲ್ಲಿ ಅತ್ತಿಗೆ ಪಿಸುಗುಟ್ಟಿದಳು. “ಮುಂದಿನ ವಾರವೂ ಬರ್ತೀನಿ. ನಿಮ್ಮಣ್ಣನಿಗೆ ಗೊತ್ತಾಗೋದು ಬೇಡ.”

“ಹೇಳಿಯೇ ಬನ್ನಿ, ಅತ್ತಿಗೆ,” ಅಂದಳು ಪೀಪಿ ಅಕ್ಕ, ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡುವ ಹಾಗೆ. “ಕದ್ದು ಬರೋಕೆ ಇದೇನು ಕಳ್ಳರ ಮನೆಯಾ?”